ಬಿಪಿ ನೋಡಿದ ಮೇಲೆ ಕೇಳುವ ಎರಡು ಪ್ರಶ್ನೆ: ಕೊಪ್ಪ ತಾಲ್ಲೂಕಿನ ಒಂದು ಪ್ರಕರಣ

ಇದು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ಒಂದು ಮನೆಯ ವಿಷಯ. ಅಲ್ಲಿನ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಕಾಗದದಲ್ಲಿ ಸಿಎಚ್‌ಒ, ಊರವರ ಬಾಯಲ್ಲಿ ಸಿಸ್ಟರ್. ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರು, ಊರು ಹಾಕಿಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರ ಬದಲಿಸಿದ್ದೇನೆ.

2023ರ ಮಳೆಗಾಲ ಇಳಿಯುತ್ತಿದ್ದ ಹೊತ್ತು. ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು ಬಿಪಿ ತೋರಿಸಲು ಬಂದರು. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಗಾಬರಿಪಡುವಷ್ಟೇನೂ ಅಲ್ಲ. ಅವರು ಹೇಳಿಕೊಂಡದ್ದೇ ಬೇರೆ. ಎದೆ ಡವಡವ ಅನ್ನುತ್ತದೆ. ಬೆನ್ನಲ್ಲಿ ಉರಿ. ಕೈಕಾಲು ಸೋಲುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರ ತುಂಬಾ ಎರಡು ವರ್ಷದ ಚೀಟಿಗಳು. ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್. ಎಲ್ಲವೂ ನಾರ್ಮಲ್. ಬರೆದುಕೊಟ್ಟ ಮಾತ್ರೆಗಳು ಗ್ಯಾಸ್ಟ್ರಿಕ್‌ಗೆ, ನೋವಿಗೆ, ಶಕ್ತಿಗೆ. ಮಣಿಕಟ್ಟಿನಲ್ಲಿ ಮಂತ್ರಿಸಿದ ಕಪ್ಪು ದಾರವೂ ಇತ್ತು.

"ಎಲ್ಲ ಕಡೆ ಒಂದೇ ಹೇಳ್ತಾರೆ ಸಿಸ್ಟರ್. ಏನಿಲ್ಲಮ್ಮ, ಟೆನ್ಶನ್ ಮಾಡ್ಕೋಬೇಡಿ ಅಂತ."

ಈ ಮಾತನ್ನು ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ, ನನಗೆ ಗೊತ್ತು. ಒಪಿಡಿಯ ಸಾಲು ಬಾಗಿಲಾಚೆ ನಿಂತಿರುತ್ತದೆ. ಆದರೆ ಕೇಳಿಸಿಕೊಂಡವರ ಪಾಡು ನೋಡಿ. ರಿಪೋರ್ಟು ನಾರ್ಮಲ್ ಬಂದಷ್ಟೂ ಇವರ ಭಯ ಜಾಸ್ತಿಯಾಗಿತ್ತು. ಇಷ್ಟು ನೋವಿದ್ದೂ ಯಾವ ಮೆಷಿನ್ನಿಗೂ ಸಿಗುತ್ತಿಲ್ಲ ಅಂದರೆ ಇದು ದೊಡ್ಡ ಕಾಯಿಲೆಯೇ ಇರಬೇಕು ಅಂದುಕೊಂಡಿದ್ದರು.

ಮನೆಯಲ್ಲಿ ಆಗಿದ್ದು

ಗಂಡ ಪಿಕಪ್ ಓಡಿಸುತ್ತಿದ್ದರು. ಜೊತೆಗೆ ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಇಳುವರಿ ಕುಗ್ಗಿಸುವ ಹಳದಿ ಎಲೆ ರೋಗ. ಕೊಪ್ಪ, ಶೃಂಗೇರಿ ಕಡೆಯ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗಾಗಿ ಮನೆ ನಡೆಯುತ್ತಿದ್ದುದು ಗಾಡಿಯ ದುಡಿಮೆಯಲ್ಲೇ. 2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ಅವರಿಗೆ ಉಸಿರು ಕಟ್ಟತೊಡಗಿತು. ಅವರ ತಮ್ಮ ಅದೇ ಪಿಕಪ್ಪಿನಲ್ಲಿ ಅವರನ್ನು ಕೂರಿಸಿಕೊಂಡು ಬೆಡ್ ಹುಡುಕುತ್ತಾ ಒಂದು ಹಗಲು, ಒಂದು ರಾತ್ರಿ ಅಲೆದರು. ಕೊನೆಗೆ ಬೆಡ್ ಸಿಕ್ಕಿತು. ಒಂಬತ್ತನೇ ದಿನ ಗಂಡ ತೀರಿಕೊಂಡರು.

ಆಗ ಹೆಂಡತಿಗೂ ಪಾಸಿಟಿವ್. ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಸುದ್ದಿ ಬಂದದ್ದು ಫೋನಿನಲ್ಲಿ. ಮುಖ ನೋಡಲು ಆಗಲಿಲ್ಲ. ಸುತ್ತಿದ ದೇಹವನ್ನು ಮೈದುನ ಮತ್ತು ಮಗ ದೂರ ನಿಂತು ನೋಡಿದರು, ಅಷ್ಟೇ. ಹನ್ನೊಂದನೇ ದಿನದ ತಿಥಿ ಮನೆಯ ನಾಲ್ಕು ಜನರಲ್ಲಿ ಮುಗಿಯಿತು.

ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹೊತ್ತಿಸಲು ಬಿಡುವುದಿಲ್ಲ. ಗಂಜಿ, ಸಾರು ಪಕ್ಕದ ಮನೆಯಿಂದ ಬರುತ್ತದೆ. ಕಾರ್ಯ ಮುಗಿಯುವವರೆಗೆ ಯಾರಾದರೊಬ್ಬರು ಜಗಲಿ ಮೇಲೆ ಕೂತೇ ಇರುತ್ತಾರೆ. ಬಂದವರೆಲ್ಲ ಕೇಳುತ್ತಾರೆ: ಹೇಗಾಯ್ತು, ಕೊನೆಗೆ ಏನಂದ್ರು, ನೀರು ಕೇಳಿದ್ರಾ. ಹೆಂಡತಿ, ತಾಯಿ ಅದನ್ನೇ ನೂರು ಸಲ ಹೇಳುತ್ತಾರೆ. ಹೇಳಿ ಹೇಳಿಯೇ ಸಾವು ನಿಜ ಅಂತ ಅವರಿಗೇ ಅರಿವಿಗೆ ಬರುತ್ತದೆ. ಆ ಮೇ ತಿಂಗಳಲ್ಲಿ ಇದ್ಯಾವುದೂ ಆಗಲಿಲ್ಲ. ಜೂನ್ 14ಕ್ಕೆ ರಾಜ್ಯದ ಬೇರೆ ಕಡೆ ಲಾಕ್‌ಡೌನ್ ಸಡಿಲವಾದರೂ ಪಾಸಿಟಿವಿಟಿ ಜಾಸ್ತಿ ಇದ್ದ 11 ಜಿಲ್ಲೆ ಮುಚ್ಚೇ ಇದ್ದವು. ಚಿಕ್ಕಮಗಳೂರು, ಹಾಸನ ಎರಡೂ ಆ ಪಟ್ಟಿಯಲ್ಲಿದ್ದವು. ಊರು ತೆರೆಯುವ ಹೊತ್ತಿಗೆ ಈ ಮನೆಯ ಸಾವು ಹಳೇ ಸುದ್ದಿಯಾಗಿತ್ತು. ಮತ್ತೆ ಎತ್ತಿದರೆ ಅವರಿಗೆ ಬೇಜಾರು ಅಂತ ಊರವರು ಬಾಯಿ ಬಿಡಲಿಲ್ಲ. ನಮ್ಮನ್ನು ಯಾರೂ ಕೇಳಲೇ ಇಲ್ಲ ಅಂತ ಇವರು ನೊಂದುಕೊಂಡರು.

ಆಮೇಲೆ ದುಡ್ಡಿನ ವಿಷಯ. ಬಿಪಿಎಲ್ ಕಾರ್ಡಿನ ಮನೆಯಲ್ಲಿ ದುಡಿಯುವವರು ಕೋವಿಡ್‌ನಿಂದ ತೀರಿಕೊಂಡರೆ ರಾಜ್ಯ ಸರ್ಕಾರ ಒಂದು ಲಕ್ಷ ರೂಪಾಯಿ ಘೋಷಿಸಿತ್ತು. ವಿಪತ್ತು ಪರಿಹಾರ ನಿಧಿಯಿಂದ ಇನ್ನೂ 50,000. ಹಣ ಬಂತು. ಪಿಕಪ್ಪಿನ ಸಾಲದ ಕಂತು ಬಾಕಿ ಇತ್ತು. ಆಸ್ಪತ್ರೆಗೆಂದು ಮೈದುನ ಮಾಡಿದ ಕೈಸಾಲವೂ ಇತ್ತು. ಯಾವುದು ಮೊದಲು ಅನ್ನುವಲ್ಲಿ ಮಾತಿಗೆ ಮಾತು ಬೆಳೆಯಿತು. ಅಕ್ಕಪಕ್ಕದ ಎರಡು ಮನೆಗಳ ನಡುವೆ ಮಾತು ನಿಂತಿತು. ಅತ್ತೆ ಚಿಕ್ಕ ಮಗನ ಮನೆಗೆ ಹೋದರು.

ಮಗನದು ಅದೇ ವರ್ಷ ದ್ವಿತೀಯ ಪಿಯುಸಿ. 2021ರಲ್ಲಿ ಪರೀಕ್ಷೆ ರದ್ದಾಗಿ ಎಲ್ಲರೂ ಪಾಸು. ಅವನು ಮುಂದೆ ಓದಲಿಲ್ಲ, ಬೆಂಗಳೂರಿಗೆ ಹೋಗಿ ಡೆಲಿವರಿ ಕೆಲಸಕ್ಕೆ ಸೇರಿದ. ಮನೆಯಲ್ಲಿ ಉಳಿದವರು ತಾಯಿ ಮತ್ತು ಹೈಸ್ಕೂಲಿಗೆ ಹೋಗುವ ಮಗಳು.

ಇಷ್ಟು ಸಂಗತಿ ನನಗೆ ಒಂದೇ ದಿನದಲ್ಲಿ ಗೊತ್ತಾದದ್ದಲ್ಲ. ಅರ್ಧಕ್ಕಿಂತ ಜಾಸ್ತಿ ಹೇಳಿದವರು ನಮ್ಮ ಆಶಾ ಕಾರ್ಯಕರ್ತೆ.

ಒಂಬತ್ತು ಪ್ರಶ್ನೆ

ಆಶಾ ಅದೇ ಊರಿನವರು. ಅವರು ಗಮನಿಸಿದ್ದು ಯಾವ ಫಾರಂನಲ್ಲೂ ಇಲ್ಲದ ಸಂಗತಿ. "ಅವಳು ಸಂಘಕ್ಕೆ ಬರ್ತಾ ಇಲ್ಲ ಸಿಸ್ಟರ್, ಕಂತು ಮಗಳ ಕೈಲಿ ಕಳಿಸ್ತಾಳೆ. ಹೋದ ವರ್ಷ ಅಡಿಕೆ ಸುಲಿಯೋಕೂ ಬರ್ಲಿಲ್ಲ. ಎಂಥ ಮಾತುಗಾರ್ತಿ ಗೊತ್ತುಂಟಾ ಅವಳು?" ಅಡುಗೆ, ಕೊಟ್ಟಿಗೆ ಎಲ್ಲ ಮಗಳೇ ನೋಡಿಕೊಳ್ಳುತ್ತಿದ್ದಾಳೆ, ಶಾಲೆಗೆ ಆಗಾಗ ತಪ್ಪಿಸುತ್ತಾಳೆ ಅಂತಲೂ ಹೇಳಿದರು. ಮಾತಾಡುತ್ತಿದ್ದವರು ಮಾತು ಬಿಟ್ಟರು, ಬರುತ್ತಿದ್ದವರು ಬರುವುದು ಬಿಟ್ಟರು. ಪ್ರತಿ ಮನೆಯ ಅಂಗಳ ತುಳಿಯುವವರ ಕಣ್ಣಿಗೆ ಮಾತ್ರ ಇಂಥದ್ದು ಬೀಳುತ್ತದೆ.

ಕೇಂದ್ರದ ಬಾಗಿಲು ಅರ್ಧ ಮುಚ್ಚಿ, ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕೇಳಿದೆ. ಹೋದ ಎರಡು ವಾರದಲ್ಲಿ ಹೇಗಿತ್ತು ಅನ್ನುವ ಒಂಬತ್ತು ಪ್ರಶ್ನೆಗಳು. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವೈದ್ಯರಿಗೆ ತೋರಿಸಬೇಕು. ಹಾಳೆ ಮುಂದಿಟ್ಟುಕೊಂಡು ಓದಿದರೆ ನಮ್ಮೂರಲ್ಲಿ ಕೆಲಸ ಆಗುವುದಿಲ್ಲ. ಜನಗಣತಿಯವರಿಗೆ ಉತ್ತರ ಕೊಟ್ಟಂತೆ ಹೂಂ, ಇಲ್ಲ ಅಂತ ಹೇಳಿ ಎದ್ದು ಹೋಗುತ್ತಾರೆ. ಹಾಗಾಗಿ ನಿದ್ದೆಯಿಂದ ಶುರು ಮಾಡಿದೆ, ಊಟಕ್ಕೆ ಬಂದೆ, ಆಮೇಲೆ ಕೆಲಸದ ಮೇಲಿನ ಮನಸ್ಸು.

ಒಂಬತ್ತನೇ ಪ್ರಶ್ನೆ ಸಾವಿನ ಬಗ್ಗೆ. ಇದನ್ನು ಕೇಳಲು ಹೊಸಬರು ಹೆದರುತ್ತಾರೆ, ಇಲ್ಲದ ಯೋಚನೆ ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ. ಹಾಗಾಗುವುದಿಲ್ಲ. ಕೇಳಿದರೆ ಜನ ಹಗುರಾಗುತ್ತಾರೆ. "ಇದೆಲ್ಲ ಸಾಕು, ನಾನು ಇಲ್ಲದಿದ್ರೇ ಚೆನ್ನಾಗಿತ್ತು ಅನ್ನಿಸೋದು ಉಂಟಾ?" ಅಂತ ಕೇಳಿದೆ. ಸುಮಾರು ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. "ಅನ್ನಿಸ್ತದೆ. ಆದ್ರೆ ಮಗಳಿದ್ದಾಳಲ್ಲ."

ಅಂಕ 17 ಬಂತು. ಏನಾದರೂ ಮಾಡಿಕೊಳ್ಳಬೇಕೆಂಬ ಯೋಜನೆ ಇದೆಯಾ ಅಂತಲೂ ನೇರವಾಗಿ ಕೇಳಿದೆ. ಇರಲಿಲ್ಲ. ಆದರೂ ತೋಟದ ಮನೆ ಅಂದಮೇಲೆ ಕೀಟನಾಶಕ, ಕಳೆನಾಶಕ ಇದ್ದೇ ಇರುತ್ತದೆ. ಅವರೇ ಒಪ್ಪಿ ಅವತ್ತೇ ಅದನ್ನೆಲ್ಲ ಬೇರೆ ಮನೆಗೆ ಸಾಗಿಸಿದರು. ಆಶಾ ಜೊತೆಗೆ ಹೋಗಿದ್ದರು. ಇಂಥ ವಸ್ತು ಕೈಗೆ ಸುಲಭವಾಗಿ ಸಿಗದ ಹಾಗೆ ಮಾಡುವುದರಿಂದಲೇ ಎಷ್ಟೋ ಜೀವ ಉಳಿಯುತ್ತದೆ. ಕೆಟ್ಟ ಗಳಿಗೆ ಬಹಳ ಸಲ ಚಿಕ್ಕದು, ಅದು ದಾಟಿದರೆ ಆಯಿತು.

ಕೋವಿಡ್‌ನ ಮೊದಲ ವರ್ಷ ಒಂದರಲ್ಲೇ ಜಗತ್ತಿನಲ್ಲಿ ಆತಂಕ, ಖಿನ್ನತೆ ಶೇ 25ರಷ್ಟು ಜಾಸ್ತಿಯಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದಕ್ಕೂ ಮುಂಚೆ, 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ನಿಮ್ಹಾನ್ಸ್ ಕಂಡದ್ದು, ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇದೆ, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಇಲ್ಲ. ನನ್ನ ಮುಂದೆ ಕೂತಿದ್ದವರು ಆ ಬಹುಪಾಲಿನಲ್ಲಿ ಒಬ್ಬರು. ಎರಡು ವರ್ಷದಿಂದ ಚಿಕಿತ್ಸೆಗಾಗಿಯೇ ಅಲೆಯುತ್ತಿದ್ದರೂ ಸಿಕ್ಕಿರಲಿಲ್ಲ.

ಕೊಪ್ಪಕ್ಕೆ ಹೋಗುವುದು

ವ್ಯವಸ್ಥೆಯೇ ಇಲ್ಲ ಅಂತ ಹೇಳುವುದು ಸರಿಯಲ್ಲ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮುಂದೆ ಇತ್ತು. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಊರಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಹಾಗಾಗಿ ನಾನು ಚೀಟಿ ಬರೆದುಕೊಟ್ಟದ್ದು ಮಂಗಳವಾರಕ್ಕೆ.

ಅವರು ಹೋಗಲಿಲ್ಲ. ಮುಂದಿನ ಸಲವೂ ಹೋಗಲಿಲ್ಲ.

ಮನೆಯಿಂದ ಟಾರು ರಸ್ತೆಗೆ ಒಳ್ಳೇ ನಡಿಗೆ. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಸಂಸ್ಥೆ ಇತ್ತು. ಅದರ ಬಸ್ಸುಗಳು ಮಲೆನಾಡಿನ ಮೂಲೆಮೂಲೆಗೆ ಓಡುತ್ತಿದ್ದವು. ನಷ್ಟ ತಡೆಯಲಾರದೆ 2020ರ ಫೆಬ್ರವರಿಯಲ್ಲಿ ಓಡಾಟ ನಿಲ್ಲಿಸಿತು. ಮುಂದಿನ ತಿಂಗಳೇ ಲಾಕ್‌ಡೌನ್. ಊರವರ ನೆನಪಿನಲ್ಲಿ ಇವೆರಡೂ ಒಂದೇ ಘಟನೆ ಅನ್ನುವ ಹಾಗೆ ಬೆರೆತುಹೋಗಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು, ಅದಕ್ಕೆ ಟಿಕೆಟ್ ಕೊಡಲೇಬೇಕು. ಬೆಳಗಿನ ಬಸ್ಸು ತಪ್ಪಿದರೆ ಆಸ್ಪತ್ರೆ ಮುಟ್ಟುವಾಗ ಒಪಿಡಿ ಮುಗಿಯುವ ಹೊತ್ತು. ಒಂದು ದಿನದ ಕೂಲಿಯೂ ಹೋಯಿತು.

ಇದೆಲ್ಲ ಅವರು ಹೇಳಿದ ಕಾರಣ. ಹೇಳದ ಕಾರಣ ಆಮೇಲೆ ಆಶಾಗೆ ಹೇಳಿದರು. ಆಸ್ಪತ್ರೆಯ ಸಾಲಲ್ಲಿ ಯಾರಾದರೂ ನೆಂಟರು ಕಂಡರೆ? ನಾಳೆ ಮಗಳಿಗೆ ಗಂಡು ಹುಡುಕುವಾಗ, ತಾಯಿಗೆ ತಲೆ ಸರಿ ಇಲ್ಲವಂತೆ ಅಂತ ಮಾತು ಬಂದರೆ? ಈ ಭಯ ಸುಳ್ಳು ಅಂತ ನಾನು ಹೇಗೆ ಹೇಳಲಿ? ಅಂಥ ಮಾತನ್ನು ನಾನೇ ಕೇಳಿದ್ದೇನೆ. "ಜಾಗೃತಿ ಮೂಡಿಸಬೇಕು" ಅಂತ ಸಭೆಗಳಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಈ ಹೆಣ್ಣುಮಗಳಿಗೆ ಜಾಗೃತಿಯ ಕೊರತೆ ಇರಲಿಲ್ಲ. ಯಾರೂ ನೋಡದ ಹಾಗೆ, ಕೂಲಿ ಹೋಗದ ಹಾಗೆ ಚಿಕಿತ್ಸೆ ಬೇಕಿತ್ತು. ಬಿಪಿ ಮಾತ್ರೆ ಸಿಗುವ ಕಡೆಯೇ ಇದೂ ಸಿಗಬೇಕು ಅಂತ ನಾನು ಪದೇಪದೇ ಹೇಳುವುದು ಇದಕ್ಕೇ. ಬಿಪಿ ತೋರಿಸಲು ಬಂದವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಅಷ್ಟು ಹೊತ್ತಿಗೆ ಟೆಲಿ ಮನಸ್ ಇತ್ತು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕೇಂದ್ರದಿಂದಲೇ ಕರೆ ಹಚ್ಚಿ ಕೊಟ್ಟು ನಾನು ಹೊರಗೆ ಬಂದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಲಸಿಕೆ ಡಬ್ಬಿ ಇಡುವ ಕಿಟಕಿ ಪಕ್ಕ ಮಾತ್ರ. ಅಲ್ಲೇ ಸ್ಟೂಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದವರು, "ಮುಖ ಕಾಣದವ್ರ ಹತ್ರ ಹೇಳೋದು ಸುಲಭ ಮಾರಾಯ್ರೆ" ಅಂದರು. ಗುರುತಿನವರೇ ತುಂಬಿದ ಊರಲ್ಲಿ ಗುರುತಿಲ್ಲದ ಒಂದು ಕಿವಿ ಎಷ್ಟು ದೊಡ್ಡ ಉಪಕಾರ ಅಂತ ನನಗೆ ಅವತ್ತು ಗೊತ್ತಾಯಿತು.

ಮಾತ್ರೆಯ ವಿಷಯಕ್ಕೆ ವೈದ್ಯರೇ ಬೇಕಲ್ಲ. ನಮ್ಮ ಪಿಎಚ್‌ಸಿ ವೈದ್ಯರು ಅವರನ್ನು ಬಿಪಿ ತಪಾಸಣೆಯ ದಿನವೇ ನೋಡಿದರು. ತಾಲ್ಲೂಕಿಗೆ ಬರುವ ಮನೋವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು.

ಮಾತ್ರೆ ಬಿಟ್ಟ ವಾರ

ಹತ್ತು ದಿನಕ್ಕೆ ಮಾತ್ರೆ ನಿಂತಿತು. ಇಂಥ ಎಷ್ಟೋ ಪ್ರಕರಣಗಳು ಮುಗಿದುಹೋಗುವುದು ಇಲ್ಲೇ. ಯಾರಿಗೂ ಗೊತ್ತೂ ಆಗುವುದಿಲ್ಲ. ರಿಜಿಸ್ಟರಿನಲ್ಲಿ "ಚಿಕಿತ್ಸೆ ಆರಂಭಿಸಲಾಗಿದೆ" ಅಂತ ಬರೆದಿರುತ್ತದೆ, ಅಷ್ಟೇ.

ಆಶಾ ಬೇರೆ ಯಾವುದೋ ಮನೆಗೆ ಬಾಣಂತಿ ನೋಡಲು ಹೋದವರು ಇವರ ಅಂಗಳಕ್ಕೂ ಇಳಿದರು. ಮಾತ್ರೆಯ ಸ್ಟ್ರಿಪ್ಪು ದೇವರ ಗೂಡಿನ ಪಕ್ಕ ಹಾಗೇ ಇತ್ತು. ಕೇಳಿದರೆ, ಹೊಟ್ಟೆ ತೊಳಸುತ್ತದೆ ಅಂದರು. ಹತ್ತು ದಿನವಾದರೂ ಏನೂ ಗುಣ ಕಾಣಲಿಲ್ಲ. ಇದು ನಿದ್ದೆ ಮಾತ್ರೆ, ಅಭ್ಯಾಸ ಆಗಿಬಿಡುತ್ತದೆ ಅಂತ ಯಾರೋ ಹೇಳಿದ್ದರು.

ಮರುದಿನ ನಾನೇ ಹೋದೆ. ಈ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು ಮೊದಲ ವಾರದ ತೊಂದರೆ, ಸಾಮಾನ್ಯವಾಗಿ ತಾನೇ ಹೋಗುತ್ತದೆ, ಊಟದ ಮೇಲೆ ತೆಗೆದುಕೊಂಡರೆ ಕಡಿಮೆ. ಇದು ನಿದ್ದೆ ಮಾತ್ರೆ ಅಲ್ಲ, ಚಟ ಹಿಡಿಯುವಂಥದ್ದೂ ಅಲ್ಲ. ಆದರೆ ಗುಣವಾಯಿತು ಅಂತ ಒಮ್ಮೆಲೇ ಬಿಡಬಾರದು. ಹುಷಾರಾದ ಮೇಲೂ ಆರೆಂಟು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಇದನ್ನೆಲ್ಲ ಮೊದಲ ದಿನವೂ ಹೇಳಿತ್ತು. ಆದರೆ ಖಿನ್ನತೆಯಲ್ಲಿ ಇರುವವರ ತಲೆಯಲ್ಲಿ ಹೇಳಿದ ಮಾತು ನಿಲ್ಲುವುದಿಲ್ಲ, ಮರೆವು ಆ ಕಾಯಿಲೆಯದೇ ಒಂದು ಭಾಗ. ಹಾಗಾಗಿ ಈ ಸಲ ಮಗಳನ್ನೂ ಕೂರಿಸಿಕೊಂಡು ಹೇಳಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಅವಳು ವಹಿಸಿಕೊಂಡಳು.

ಮೂರನೇ ವಾರಕ್ಕೆ ನಿದ್ದೆ ಬರತೊಡಗಿತು. ನಡುವೆ ಒಮ್ಮೆ ಸರ್ಕಾರಿ ಸರಬರಾಜಿನಲ್ಲಿ ಈ ಮಾತ್ರೆ ಖಾಲಿಯಾಯಿತು. ಮೇಲಿಂದ ಬರಲು ತಡವಾಯಿತು. ಜನೌಷಧಿ ಅಂಗಡಿಯಿಂದ ಮಗ ಬೆಂಗಳೂರಿನಲ್ಲಿ ಕೊಂಡು ಬಸ್ಸಿನಲ್ಲಿ ಕಳಿಸಿದ. ಆ ಮನೆಗೆ ಅದು ಸಾಧ್ಯವಾಯಿತು. ಕಳಿಸುವ ಮಗ ಇಲ್ಲದ ಮನೆಗಳ ಗತಿ ನೆನೆದರೆ ನನಗೆ ಸಿಟ್ಟು ಬರುತ್ತದೆ. ಬಿಪಿ ಮಾತ್ರೆ ಒಂದು ವಾರ ಇಲ್ಲದಿದ್ದರೆ ಎಲ್ಲರೂ ಫೋನ್ ಮಾಡಿ ಕೇಳುತ್ತಾರೆ. ಈ ಮಾತ್ರೆ ಇಲ್ಲದಿದ್ದರೆ ಕೇಳುವವರಿಲ್ಲ, ಯಾಕೆಂದರೆ ತೆಗೆದುಕೊಳ್ಳುವವರು ಬಾಯಿ ಬಿಡುವುದಿಲ್ಲ.

ಅಡಿಕೆ ಸುಲಿಯುವ ಜಾಗ

ಮಾತ್ರೆ ನಿದ್ದೆ ಕೊಟ್ಟಿತು, ಊಟ ಸೇರುವ ಹಾಗೆ ಮಾಡಿತು. ಮನೆಯಿಂದ ಹೊರಗೆ ಕಾಲಿಡಿಸಲಿಲ್ಲ. ಅದಕ್ಕೆ ಬೇರೆ ಕೆಲಸ ಬೇಕಿತ್ತು.

ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ತಂಡದವರು ಒಂದು ಪ್ರಯೋಗ ಮಾಡಿದ್ದರು. ಮನೋವೈದ್ಯರಲ್ಲದ, ಮನಶ್ಶಾಸ್ತ್ರ ಓದಿರದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರನ್ನು ಪಿಎಚ್‌ಸಿಗಳಲ್ಲಿ ಆರರಿಂದ ಎಂಟು ಸಲ ಮಾತಾಡಿಸುವುದು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಒಳ್ಳೆಯದಾಗಿತ್ತು. ಅದರ ತಿರುಳು ಸರಳ. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಅಂತ ಕಾಯಬಾರದು. ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಚಿಕ್ಕ ಕೆಲಸವೊಂದನ್ನು ಹಿಡಿಯಬೇಕು, ಮನಸ್ಸು ಹಿಂದಿನಿಂದ ಬರುತ್ತದೆ.

ನೀವು ಮೊದಲು ಏನು ಇಷ್ಟಪಡುತ್ತಿದ್ದಿರಿ ಅಂತ ಕೇಳಿದೆ. "ಅಡಿಕೆ ಸುಲಿಯೋದು" ಅಂದರು, ಯೋಚನೆಯೇ ಮಾಡದೆ.

ಮಲೆನಾಡಿನವರಿಗೆ ಇದು ಅರ್ಥವಾಗುತ್ತದೆ. ಕೊಯ್ಲು ಶುರುವಾದರೆ ಅಡಿಕೆ ಗೊನೆ ಇಳಿಸಿದ ಮನೆಯಲ್ಲಿ ಊರ ಹೆಂಗಸರೆಲ್ಲ ಸೇರುತ್ತಾರೆ. ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತರೆ ರಾತ್ರಿ ಹತ್ತು, ಹನ್ನೊಂದರ ತನಕ ಸುಲಿಯುವುದೇ. ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಬಾಯಿಗೆ ಬಿಡುವು. ಮದುವೆ, ಸಾಲ, ಸೊಸೆ, ಅತ್ತೆ, ಧಾರಾವಾಹಿ, ಯಾರ ಮನೆಗೆ ಯಾವ ಕಷ್ಟ, ಎಲ್ಲ ಅಲ್ಲೇ. ಅಳುವವರು ಅಲ್ಲೇ ಅಳುತ್ತಾರೆ, ಪಕ್ಕದವರು ಕತ್ತಿ ನಿಲ್ಲಿಸದೆ ಸಮಾಧಾನ ಹೇಳುತ್ತಾರೆ. ಕೋವಿಡ್ ಸಮಯದಲ್ಲಿ ಈ ಸೇರುವಿಕೆ ನಿಂತಿತು. ಈಚೆಗೆ ಸುಲಿಯುವ ಮೆಷಿನ್ನು ಬಂದು ಕೆಲವು ಮನೆಗಳಲ್ಲಿ ಪೂರ್ತಿಯೇ ಹೋಯಿತು. ಮೆಷಿನ್ನು ಬೇಡ ಅಂತ ನಾನು ಹೇಳುವುದಿಲ್ಲ, ಆಳು ಸಿಗದ ಕಷ್ಟ ಬೆಳೆಗಾರರಿಗೇ ಗೊತ್ತು. ಆದರೆ ಕೂಲಿಯ ಜೊತೆಗೆ ಹೆಂಗಸರಿಗೆ ಸಿಗುತ್ತಿದ್ದ ಆ ಮಾತಿನ ಜಾಗಕ್ಕೆ ಬದಲಿ ಏನೂ ಬರಲಿಲ್ಲ.

2023ರ ಕೊಯ್ಲಿನಲ್ಲಿ ಇನ್ನೂ ಕೈಯಲ್ಲೇ ಸುಲಿಸುತ್ತಿದ್ದ ಒಂದು ಮನೆ ನೋಡಿ ಆಶಾ ಅವರನ್ನು ಕರೆದುಕೊಂಡು ಹೋದರು. ಮೊದಲ ರಾತ್ರಿ ಅರ್ಧ ಗಂಟೆ ಕೂತು ಎದ್ದು ಬಂದರಂತೆ. ಯಾರೂ ಬಲವಂತ ಮಾಡಲಿಲ್ಲ. ಮುಂದಿನ ವಾರ ಮತ್ತೆ ಹೋದರು. ಯಾವ ರಾತ್ರಿಯೋ ಒಬ್ಬ ಹಿರಿಯಕ್ಕ, "ಅವತ್ತು ನಾವು ಯಾರೂ ನಿನ್ನ ಮನೆಗೆ ಬರ್ಲಿಲ್ಲ, ನೋಡು" ಅಂದುಬಿಟ್ಟರು. ಅಲ್ಲಿಂದ ಮಾತು ಶುರುವಾಯಿತು. ಆ ಕೋಣೆ, ಆ ಫೋನು, ನೋಡದೇ ಉಳಿದ ಮುಖ. ಎರಡೂವರೆ ವರ್ಷದ ಮೇಲೆ, ಜಗಲಿಯಲ್ಲಿ ಆಗಬೇಕಿದ್ದದ್ದು ಸುಲಿಯುವ ಜಾಗದಲ್ಲಿ ಆಯಿತು.

2024ರ ಮೇ ತಿಂಗಳಲ್ಲಿ ಮೂರನೇ ವರ್ಷದ ತಿಥಿಗೆ ಊರವರನ್ನೆಲ್ಲ ಕರೆದರು. ಇದು ನಾನು ಕೊಟ್ಟ ಸಲಹೆ ಅಲ್ಲ, ಅತ್ತೆಯದು. ಸಾಲ ಇರುವ ಮನೆಗೆ ಇಷ್ಟು ಖರ್ಚು ಯಾಕೆ ಅನ್ನಿಸಿತ್ತು ನನಗೆ. ಆದರೆ ಅಕ್ಕಿ, ಕಾಯಿ, ಬಾಳೆಎಲೆ ಬಂದವರೇ ತಂದರು. ಆಪ್ತರು ತೀರಿಕೊಂಡು ಆರು ತಿಂಗಳು ದಾಟಿದರೂ ದುಃಖ ಸ್ವಲ್ಪವೂ ಇಳಿಯದೆ ದಿನದ ಬದುಕನ್ನೇ ನಿಲ್ಲಿಸಿದರೆ ಅದನ್ನು ಬೇರೆಯದೇ ಸಮಸ್ಯೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ ಗುರುತಿಸುತ್ತದೆ. ಆಯಾ ಸಮಾಜದ ರೂಢಿಗಿಂತ ಜಾಸ್ತಿ ಅನ್ನಿಸಬೇಕು ಅಂತಲೂ ಹೇಳುತ್ತದೆ. ರೂಢಿ ನಡೆಯಲು ಬಿಡದ ಕಾಲದಲ್ಲಿ ಸತ್ತವರ ಮನೆಯವರನ್ನು ಯಾವ ರೂಢಿಯಿಂದ ಅಳೆಯುವುದು? ತಿಥಿಯ ಊಟ ಚಿಕಿತ್ಸೆ ಅಂತ ನಾನು ಹೇಳುತ್ತಿಲ್ಲ. ಅವರ ಅಂಕ ಅದಕ್ಕೂ ಮೊದಲೇ ಇಳಿದಿತ್ತು, ಮಾತ್ರೆಯ ಪಾಲು ಅದರಲ್ಲಿ ದೊಡ್ಡದು. ಆದರೆ ಆ ದಿನ ಆದದ್ದು ಮಾತ್ರೆಯಿಂದ ಆಗುತ್ತಿರಲಿಲ್ಲ.

ಮೈದುನ

ತಿಥಿಯ ದಿನ ಮೈದುನ ಕುಡಿದಿದ್ದರು. ಬೆಳಿಗ್ಗೆಯೇ.

ಅವರ ಬಗ್ಗೆ ಅಲ್ಲಿಯವರೆಗೆ ನಾನು ಕೇಳಿದ್ದು ದುಡ್ಡಿನ ಜಗಳದ ಮಾತು ಮಾತ್ರ. ಕೆಲವು ದಿನ ಬಿಟ್ಟು ಕೈಗೆ ಕತ್ತಿ ತಾಗಿದ ಗಾಯ ಕಟ್ಟಿಸಲು ಕೇಂದ್ರಕ್ಕೆ ಬಂದರು. ಗಂಡಸರು ನಮ್ಮಲ್ಲಿಗೆ ಬರುವುದು ಹೀಗೇ, ಗಾಯಕ್ಕೋ ಜ್ವರಕ್ಕೋ. ಡ್ರೆಸ್ಸಿಂಗ್ ಮಾಡುತ್ತಾ ನಿದ್ದೆ ಹೇಗಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಹೇಳಿದ್ದು ಆ ರಾತ್ರಿಯ ಕತೆ. ಮೊದಲು ಯಾವ ಊರಿಗೆ ಹೋದದ್ದು, ಅಲ್ಲಿ ಬೆಡ್ ಇಲ್ಲ ಅಂದದ್ದು, ಯಾವ ತಿರುವಿನಲ್ಲಿ ಅಣ್ಣ ಕಿಟಕಿ ತೆಗೆಯೋ ಅಂದದ್ದು. "ಮೊದ್ಲೇ ಈ ಕಡೆ ತಿರುಗಿಸಿದ್ರೆ ಅಣ್ಣ ಉಳೀತಿದ್ದ ಸಿಸ್ಟರ್." ಮೂರು ವರ್ಷದಿಂದ ಅದೇ ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದರು.

ಎರಡು ಮನೆಗಳ ಜಗಳದ ಕೆಳಗೆ ಏನಿತ್ತು ಅಂತ ಆಗ ಗೊತ್ತಾಯಿತು. ಇವರು ತಾನು ಉಳಿಸಲಿಲ್ಲ ಅಂದುಕೊಂಡಿದ್ದರು. ಅತ್ತಿಗೆ ತಾನೇ ಮನೆಗೆ ಸೋಂಕು ತಂದೆ ಅಂದುಕೊಂಡಿದ್ದರು. ಇಬ್ಬರೂ ಎದುರಿನವರು ತನ್ನನ್ನೇ ದೂರುತ್ತಿದ್ದಾರೆ ಅಂತ ತಿಳಿದು ಮುಖ ತಪ್ಪಿಸುತ್ತಿದ್ದರು.

ಕುಡಿತ ದಿನಾ, ಜಾಸ್ತಿ. ಇಂಥವರಿಗೆ ಇವತ್ತೇ ಬಿಟ್ಟುಬಿಡಿ ಅಂತ ಆಣೆ ಹಾಕಿಸುವುದು ಅಪಾಯ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಕಲಸಬಹುದು. ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು. ಅತ್ತಿಗೆಯೇ ಅವರನ್ನು ಕರೆದುಕೊಂಡು ಮಂಗಳವಾರ ಕೊಪ್ಪಕ್ಕೆ ಹೋದರು. ಯಾರು ನೋಡುತ್ತಾರೋ ಅಂತ ಹೆದರಿದ್ದವರು ಅದೇ ಸಾಲಲ್ಲಿ ಇನ್ನೊಬ್ಬರಿಗಾಗಿ ನಿಂತರು. ಮೈದುನ ಕೆಲವು ತಿಂಗಳು ಬಿಟ್ಟಿದ್ದರು, ಮತ್ತೆ ಶುರು ಮಾಡಿದರು, ಮತ್ತೆ ಹೋದರು. ಅವರ ವಿಷಯ ಇನ್ನೂ ಮುಗಿದಿಲ್ಲ.

ಈಗ

ಆ ಹೆಣ್ಣುಮಗಳ ಅಂಕ 2024ರ ಕೊನೆಗೆ ಐದು. ಮಾತ್ರೆ ನಿಧಾನಕ್ಕೆ ಇಳಿಸಿ ನಿಲ್ಲಿಸಲಾಗಿದೆ. ಮೇ ತಿಂಗಳು ಬಂದರೆ ಎರಡು ವಾರ ಕಷ್ಟ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಆಗ ಆಶಾ ತಪ್ಪದೆ ಹೋಗುತ್ತಾರೆ. ಮಗಳು ಶಾಲೆ ತಪ್ಪಿಸುವುದು ನಿಂತಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್‌ನ ಆಪ್ತಸಮಾಲೋಚಕಿ ಜೊತೆ ಅವಳೂ ಮಾತಾಡಿದ್ದಾಳೆ. ಏನು ಮಾತಾಡಿದಳು ಅಂತ ನಾನು ಕೇಳಿಲ್ಲ.

ನಮ್ಮ ಕೇಂದ್ರದಲ್ಲಿ ಒಂದು ಕೆಲಸ ಕಾಯಂ ಆಯಿತು. ಮೂವತ್ತು ದಾಟಿದ ಎಲ್ಲರಿಗೂ ಬಿಪಿ, ಶುಗರ್ ನೋಡುವುದು ಹೇಗೂ ನಮ್ಮ ಕೆಲಸ. ತೋಳಿಗೆ ಸುತ್ತಿದ ಬಿಪಿ ಪಟ್ಟಿ ಬಿಚ್ಚುವಾಗ ಎರಡು ಪ್ರಶ್ನೆ ಕೇಳುತ್ತೇವೆ. ಎರಡು ವಾರದಿಂದ ಮನಸ್ಸಿಗೆ ತೀರಾ ಬೇಜಾರು, ಎಲ್ಲ ಮುಗೀತು ಅನ್ನಿಸೋದು ಉಂಟಾ? ಯಾವ ಕೆಲಸದಲ್ಲೂ ಮನಸ್ಸಿಲ್ಲ ಅನ್ನಿಸೋದು ಉಂಟಾ? ಎಲ್ಲರನ್ನೂ ಕೇಳುವುದರಿಂದ ಯಾರಿಗೂ ತನ್ನನ್ನೇ ಬೇರೆ ಮಾಡಿ ಕೇಳಿದರು ಅನ್ನಿಸುವುದಿಲ್ಲ. ಹೌದು ಅಂದವರನ್ನು ಮಾತ್ರ ಕೂರಿಸಿ ಉಳಿದ ಏಳು ಕೇಳುವುದು. ಶಿಬಿರ, ಬ್ಯಾನರ್ ಯಾವುದೂ ಬೇಕಾಗಲಿಲ್ಲ.

ಬೇಕಾಗಿರುವುದು ಎರಡನೇ ಸಲ ಬಾಗಿಲು ತಟ್ಟುವವರು. ಈ ಪ್ರಕರಣದಲ್ಲಿ ಪ್ರತಿ ತಿರುವಿನಲ್ಲೂ ಆ ಕೆಲಸ ಮಾಡಿದ್ದು ಆಶಾ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ನೆಟ್‌ವರ್ಕು ಎರಡೂ ದಿನಗಟ್ಟಲೆ ಹೋದಾಗ 14416 ಕೂಡ ಸಿಗುವುದಿಲ್ಲ. ಆಗಲೂ ಅವರು ಕೊಡೆ ಹಿಡಿದು ಹೋಗಿದ್ದಾರೆ. ಕೋವಿಡ್‌ನಲ್ಲಿ ಮನೆಮನೆ ಸುತ್ತಿ ಬೈಸಿಕೊಂಡವರೂ ಇವರೇ. ಅವರ ಮನಸ್ಸಿನ ಆರೋಗ್ಯ ಯಾರೂ ಕೇಳಿಲ್ಲ. 2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನಲ್ಲಿ ಧರಣಿ ಕೂತಾಗ, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವ ಹಾಗೆ ಮಾಡುತ್ತೇವೆ ಅಂತ ಸರ್ಕಾರ ಹೇಳಿತು. ಮನಸ್ಸಿನ ಕಾಯಿಲೆಯವರನ್ನು ಬಿಡದೆ ನೋಡುವುದು ಅವರ ಹೆಗಲಿಗೆ ಹೊಸ ಭಾರ. ಅದಕ್ಕೆ ಬೇರೆಯೇ ದುಡ್ಡು ಕೊಡಬೇಕು. ಸೇವೆ ಅಂತ ಹೊಗಳಿ ಬಿಟ್ಟಿ ದುಡಿಸುವುದು ಅನ್ಯಾಯ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕು ಅನ್ನುತ್ತದೆ. ತಿಂಗಳ ಸಭೆಯಲ್ಲಿ ನಾನು ಈ ಪ್ರಕರಣ ಇಟ್ಟು ಮೂರು ವಿಷಯ ಕೇಳಿದ್ದೇನೆ. ಖಿನ್ನತೆಯ ಮಾತ್ರೆ ಬಿಪಿ ಮಾತ್ರೆಯ ಹಾಗೆ ಪಿಎಚ್‌ಸಿಯಲ್ಲಿ ಯಾವಾಗಲೂ ಮೂರು ತಿಂಗಳಿಗಾಗುವಷ್ಟು ಇರಬೇಕು. ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ಒಂದು ವಾರ ಮುಂಚೆ ಆಶಾಗಳ ಫೋನಿಗೆ ತಿಳಿಸಬೇಕು, ಬರಲಾಗದಿದ್ದರೆ ಅದನ್ನೂ. ಚಿಕಿತ್ಸೆ ಶುರುವಾದವರ ಮನೆಗೆ ಮೊದಲ ತಿಂಗಳು ವಾರಕ್ಕೊಮ್ಮೆ ಹೋಗುವ ಆಶಾಗೆ ಪ್ರೋತ್ಸಾಹಧನ ಬೇಕು. ಮಂಗಳವಾರದ ಮೆಸೇಜು ಈಗ ಬರುತ್ತಿದೆ. ಉಳಿದ ಎರಡು ಮೇಲಿನವರ ಮುಂದಿವೆ, ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.